ತಲೆ ಹುಡುಕುವ ಹಡಗು

ಬಹಳ ಕಾಲದ ಹಿಂದೆ, ಕಡಲ ತಡಿಯ ಮುತ್ತಿನಗಿರಿ ಎಂಬ ರಾಜ್ಯಕ್ಕೆ ವರ್ಷಕ್ಕೊಮ್ಮೆ ಬೆಳ್ಳಿಯ ಬಣ್ಣದ ಒಂದು ಹಡಗು ಬರುತ್ತಿತ್ತು. ಬೇಕಾದವರನ್ನು ಬಿಟ್ಟಿಯಾಗಿ ಹತ್ತಿಸಿಕೊಂಡು ದ್ವೀಪಗಳನ್ನು ತೋರಿಸಲು ಹೋಗುತ್ತಿತ್ತು. ಹೋದವರು ಒಬ್ಬರೂ ತಿರುಗಿ ಬಂದಿರಲಿಲ್ಲ. ಅಲ್ಲಿನ ಊಟಕ್ಕೆ ಮನಸೋತು ಅಲ್ಲೇ ಉಳಿದುಬಿಟ್ಟಿದ್ದಾರೆ ಎಂದು ಊರವರು ಹೊಟ್ಟೆಕಿಚ್ಚು ಪಡುತ್ತಿದ್ದರು. ಬಿಟ್ಟಿ ಸಿಗುತ್ತದೆ ಅಂದರೆ ಯಾರ ಬುದ್ಧಿ ತಾನೇ ನೆಟ್ಟಗಿರುತ್ತದೆ!

ಆ ವರ್ಷ ಹೊಸದಾಗಿ ಮದುವೆಯಾದ ಮಾದರಸನೂ ಅವನ ಹೆಂಡತಿ ಚೆಲುವಾಜಿಯೂ ಹಡಗು ಹತ್ತಿದರು. ಹಡಗಿನ ಒಡೆಯ ವಜ್ರನಾಸ ಕೈಮುಗಿದು ಎದುರುಗೊಂಡ.

“ಯಾವ ಕೋಣೆ ಬೇಕೋ ನೀವೇ ಆರಿಸಿಕೊಳ್ಳಿ ತಾಯಿ. ಅತಿಥಿ ಕೇಳಿದ ಕೋಣೆಯನ್ನು ಕೊಡೋದಿಲ್ಲ ಅಂದರೆ ನನ್ನ ತಲೆ ಸಿಡಿದುಹೋಗುತ್ತದೆ. ಇದು ಈ ಹಡಗಿನ ಕಟ್ಟಳೆ” ಎಂದ.

ಮಾದರಸ ಕಿಟಕಿ ನೋಡಿದ, ಗಾಳಿ ನೋಡಿದ, ಹಾಸಿಗೆ ಒತ್ತಿ ನೋಡಿದ. ಕೊನೆಗೆ ತಲೆ ಪೂರ್ವಕ್ಕೆ ಬರುವ ಮಂಚವಿದ್ದ ಕೋಣೆಯನ್ನು ಹಿಡಿದ. “ಉತ್ತರಕ್ಕೆ ತಲೆ ಹಾಕಿ ಮಲಗಬಾರದಲ್ಲ, ಅದಕ್ಕೇ” ಎಂದು ಹೆಂಡತಿಗೆ ಹೇಳಿದ. ಆದರೆ ನಮ್ಮ ಮಹಾಶಯ ಇದನ್ನೆಲ್ಲ ನೋಡಿದ್ದು ಹಡಗನ್ನು ದಡಕ್ಕೆ ಕಟ್ಟಿದ್ದಾಗ. ಹಡಗು ತಿರುಗುತ್ತದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಮೊದಲ ದಿನ ಭಾರಿ ಊಟ. ಹಡಗಿನ ಒಡೆಯನೂ ಪಂಕ್ತಿಯಲ್ಲೇ ಕೂತು ಉಂಡ. ಚೆಲುವಾಜಿಗೆ ಮಾತ್ರ ಕಡಲ ಓಕರಿಕೆ, ಒಂದು ಅಗುಳೂ ಇಳಿಯಲಿಲ್ಲ. ಊಟವಾದ ಮೇಲೆ ಎಲ್ಲರಿಗೂ ಕಣ್ಣು ಎಳೆಯಿತು. ಮಾದರಸನೂ ಮಲಗಿದ. ಸುತ್ತ ಮಂಜು ಕವಿಯಿತು, ಹಡಗು ಮೆಲ್ಲಗೆ ತಿರುಗತೊಡಗಿತು. ಮಂಚದ ತಲೆ ಉತ್ತರಕ್ಕೆ ಬಂದ ಕೂಡಲೇ ಮಾದರಸನ ಬೆರಳುಗಳು ಮರವಾದವು!

ಚೆಲುವಾಜಿ ಚೀರಿ ಅವನನ್ನು ಪಕ್ಕಕ್ಕೆ ಎಳೆದಳು. ಅಷ್ಟರಲ್ಲಿ ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಅಲ್ಲಿ ಮಲಗಿದ್ದ ದಪ್ಪ ವರ್ತಕ ಈಗ ಒಂದು ಹಲಗೆ. ಆ ಹಲಗೆ ತಾನಾಗಿ ನಡೆದುಹೋಗಿ ಹಡಗಿನ ಪಕ್ಕಕ್ಕೆ ಅಂಟಿಕೊಂಡಿತು. ಹಡಗಿನ ತುಂಬ ಅಂಥವೇ ಹಲಗೆಗಳು, ಒಂದೊಂದರಲ್ಲೂ ಮುಚ್ಚಿದ ಎರಡು ಕಣ್ಣು.

ಎರಡನೆಯ ದಿನ ಪಂಕ್ತಿಯಲ್ಲಿ ಅವರಿಬ್ಬರನ್ನು ಬಿಟ್ಟರೆ ವಜ್ರನಾಸನೊಬ್ಬನೇ. ಚೆಲುವಾಜಿಯಂತೆ ಮಾದರಸನೂ ಎಲೆಯನ್ನು ಮುಟ್ಟಲಿಲ್ಲ. ಏನು ಬಂತು? ಆ ಅನ್ನವನ್ನು ಒಮ್ಮೆ ಉಂಡವರಿಗೆ ದಿನವೂ ಮಧ್ಯಾಹ್ನ ಆ ನಿದ್ದೆ ಬಂದೇ ಬರುತ್ತಿತ್ತು. ಚೆಲುವಾಜಿ ಎದುರು ಸಾಲಿನ ಕೋಣೆ ಕೇಳಿ ಪಡೆದಳು. ಗಂಡನನ್ನು ನೆಲದ ಮೇಲೆ ಅಡ್ಡ ಮಲಗಿಸಿದಳು. ಹಡಗು ತಿರುಗಿತು. ಅವನನ್ನು ಇತ್ತ ಎಳೆದಳು, ಹಡಗು ಇತ್ತ ತಿರುಗಿತು. ಅತ್ತ ಎಳೆದಳು, ಅತ್ತಲೂ ತಿರುಗಿತು. ಅದು ಅವನ ತಲೆಯನ್ನೇ ಹುಡುಕುತ್ತಿತ್ತು!

“ಯಾರಾದರೂ ಬನ್ನಿ!” ಎಂದು ಕೂಗುತ್ತಾ ಅವಳು ಒಡೆಯನ ಕೋಣೆಗೆ ಓಡಿದಳು. ವಜ್ರನಾಸ ಗೊರಕೆ ಹೊಡೆಯುತ್ತಿದ್ದ. ಅವನ ಮಂಚ ಮಾತ್ರ ಮಾಡಿನಿಂದ ಒಂದೇ ಸರಪಳಿಯಲ್ಲಿ ತೂಗುಬಿದ್ದಿತ್ತು. ಕೆಳಗೆ ಹಡಗು ಎಷ್ಟೇ ತಿರುಗಿದರೂ ಮಂಚ ತಿರುಗಲಿಲ್ಲ, ಅವನ ತಲೆ ಉತ್ತರಕ್ಕೆ ಬರಲೇ ಇಲ್ಲ. ಅವಳು ವಾಪಸ್ಸು ಬರುವಷ್ಟರಲ್ಲಿ ಮಾದರಸನ ತೋಳು ಭುಜದವರೆಗೂ ಮರವಾಗಿತ್ತು.

ಎಚ್ಚರವಾದಾಗ ಅವನು, “ನಾಳೆ ಎದೆಗೆ ಬರುತ್ತೆ ಕಣೆ. ಆಮೇಲೆ ನಾನು ಇರೋದಿಲ್ಲ” ಎಂದು ಅತ್ತ.

“ನಿಮ್ಮನ್ನ ಹಲಗೆ ಮಾಡಿಕೊಂಡು ನಾನು ಯಾವ ಊರಿಗೆ ಹೋಗಲಿ? ಸುಮ್ಮನಿರಿ” ಎಂದಳು.

ಮೂರನೆಯ ದಿನ ಅವಳು ವಜ್ರನಾಸನ ಎದುರು ನಿಂತು, “ನಮಗೆ ನಿಮ್ಮ ಕೋಣೆ ಬೇಕು” ಎಂದಳು.

ವಜ್ರನಾಸನ ಮುಖ ಕಪ್ಪಿಟ್ಟಿತು. “ಅಲ್ಲಿ ಗಾಳಿ ಇಲ್ಲ ತಾಯಿ. ಮಂಚ ಬೇರೆ ಓಲಾಡುತ್ತದೆ.”

“ಓಲಾಡಲಿ. ಕೊಡೋದಿಲ್ಲ ಅಂತ ಹೇಳಿಬಿಡಿ ನೋಡೋಣ!”

ಹೇಗೆ ಹೇಳಿಯಾನು? ಹಲ್ಲು ಕಡಿಯುತ್ತಾ ಹೊರಗೆ ನಡೆದ. ಚೆಲುವಾಜಿ ಗಂಡನನ್ನು ತೂಗುಮಂಚದಲ್ಲಿ ಮಲಗಿಸಿ ಅಗುಳಿ ಹಾಕಿದಳು. ಮಧ್ಯಾಹ್ನವಾಯಿತು. ಹೊರಗೆ ಹೆಜ್ಜೆಗಳು ಅತ್ತಿಂದಿತ್ತ ಸುತ್ತಾಡಿದವು. ಆಮೇಲೆ ಬಾಗಿಲ ಮೇಲೆ ಉಗುರು ಕೆರೆಯುವ ಸದ್ದು. “ತೆಗಿ ತಾಯಿ, ಒಂದು ಗಳಿಗೆ ತಲೆ ಇಟ್ಟು ಎದ್ದುಹೋಗುತ್ತೇನೆ.” ಅವಳು ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಧೊಪ್ಪನೆ ಏನೋ ಬಿತ್ತು. ದಿನವೂ ಅದೇ ಅನ್ನ ಉಂಡವನಿಗೆ ನಿದ್ದೆ ಬಿಟ್ಟೀತೆ?

ಹಡಗು ತಿರುಗತೊಡಗಿತು. ಒಡೆಯ ಯಾರು, ಅತಿಥಿ ಯಾರು ಎಂಬುದು ಅದಕ್ಕೆ ಗೊತ್ತಿರಲಿಲ್ಲ. ತಲೆ ಸಿಕ್ಕಿದರೆ ಸಾಕಿತ್ತು. ಬಾಗಿಲಾಚೆ ಮರ ಬಿರಿಯುವ ಸದ್ದಾಯಿತು, ಆಮೇಲೆ ಎಲ್ಲ ನಿಶ್ಶಬ್ದ.

ಆಗ ಅವಳ ಬೆನ್ನ ಹಿಂದಿನ ಬಾಗಿಲು ಸೀನಿತು! ಅದು ಯಾರೋ ಒಬ್ಬ ಮುದುಕಿಯಾಗಿತ್ತು. ಮಾಟ ಒಡೆಯನ ಮೇಲೇ ಬಿದ್ದು ಉಳಿದವರನ್ನೆಲ್ಲ ಬಿಟ್ಟಿತ್ತು. ಒಂದೊಂದೇ ಹಲಗೆ ಕಣ್ಣು ಬಿಟ್ಟು ಮನುಷ್ಯನಾಯಿತು. ಮನುಷ್ಯರೆಲ್ಲ ಎದ್ದು ನಿಂತ ಮೇಲೆ ಹಡಗೆಲ್ಲಿ ಉಳಿಯುತ್ತದೆ? ಎಲ್ಲರೂ ಒಟ್ಟಿಗೆ ನೀರಿಗೆ ಬಿದ್ದು ಬೊಬ್ಬೆ ಹಾಕಿದರು. ಮಂಜು ಸರಿದಾಗ ದಡ ಅಲ್ಲೇ ಕಾಣುತ್ತಿತ್ತು. ಹಡಗು ಇದ್ದಲ್ಲೇ ಸುತ್ತುತ್ತಿತ್ತೇ ಹೊರತು ಎಲ್ಲಿಗೂ ಹೋಗಿರಲಿಲ್ಲ.

ಹಿಡಿದುಕೊಳ್ಳಲು ಕಡಲಲ್ಲಿ ಇದ್ದದ್ದು ಒಂದೇ ಒಂದು ಮರ, ಅದು ವಜ್ರನಾಸ. ಈಜು ಬಾರದವರೆಲ್ಲ ಅವನ ಮೂಗು, ಕಿವಿ, ಕಾಲು ಹಿಡಿದುಕೊಂಡರು. ಮಾದರಸ ಎರಡೂ ಕೈಗಳಿಂದ ಹೆಂಡತಿಯನ್ನು ಹಿಡಿದುಕೊಂಡ. ಎರಡೂ ಕೈ ಬೆಚ್ಚಗಿದ್ದವು. ಆಗ ಚೆಲುವಾಜಿ ಮೊದಲ ಸಲ ಗಟ್ಟಿಯಾಗಿ ಅತ್ತಳು.

ದಡ ಸೇರಿದವರು ತಮ್ಮ ತಮ್ಮ ಮನೆ ಸೇರಿ ನೆಮ್ಮದಿಯಾಗಿ ಬಾಳಿದರು. ಕತೆ ಕೇಳಿದ ನಿಮಗೂ ಹೇಳಿದ ನನಗೂ ಅಂಥದೇ ನೆಮ್ಮದಿ ಸಿಗಲಿ.