ಕಣ್ಣಳತೆಯ ನಿಲುವಂಗಿ

"ಸಾರ್, ನಮ್ಮಪ್ಪ ಒಬ್ಬ ದುರಂತ ನಾಯಕ!"

ಗಿಣಿ ಎದ್ದು ನಿಂತು ಹೀಗೆ ಅಂದದ್ದೇ ತಡ, ಇಡೀ ಕ್ಲಾಸು ಅವಳ ಕಡೆ ತಿರುಗಿತು. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಏಣಿ ಕೂಡ ಕಣ್ಣು ಬಿಟ್ಟ. ಏಣಿ ಅಂದರೆ ಕ್ಲಾಸಿಗೆಲ್ಲ ಉದ್ದದ ಹುಡುಗ. ಗಿಣಿ ಅಂದರೆ ಯಾರ ದನಿಯನ್ನಾದರೂ ಇದ್ದ ಹಾಗೇ ಆಡಿ ತೋರಿಸುವ ಹುಡುಗಿ.

ಇದಕ್ಕೆಲ್ಲ ಕಾರಣ ಡೆಫಿನಿಷನ್ ಸಾರ್ ಕೊಟ್ಟಿದ್ದ ಹೋಂವರ್ಕು. ಆ ಮೇಷ್ಟ್ರಿಗೆ ಜಗತ್ತಿನಲ್ಲಿರುವ ಎಲ್ಲದಕ್ಕೂ ಒಂದು ಡೆಫಿನಿಷನ್ ಬೇಕು. ಸೀನು ಬಂದರೂ, ಸೀನು ಎಂದರೇನು ಎಂದು ಹೇಳಿ ಆಮೇಲೆ ಸೀನುವ ಪೈಕಿ. ಸ್ಕೂಲ್ ಡೇಗೆ ಮಕ್ಕಳಿಂದ ಒಂದು ಹಳೇ ದುರಂತ ನಾಟಕ ಆಡಿಸಬೇಕು ಎಂದು ಅವರಿಗೆ ಬಹಳ ದಿನದ ಆಸೆ. ಪಕ್ಕದ ಕ್ಲಾಸಿನವರು ಡ್ಯಾನ್ಸು ಅಂತ ಕುಣಿಯುತ್ತಿದ್ದರೆ, ಇವರ ಪಾಲಿಗೆ ಬಂದದ್ದು ಕೊನೆಯಲ್ಲಿ ಎಲ್ಲರೂ ಮುಳುಗಿ ಸಾಯುವ ನಾಟಕ.

ಕತೆ ಇಷ್ಟೇ. ಒಬ್ಬ ದೊರೆ ಹಡಗು ಹತ್ತಿ ಹೊರಡುತ್ತಾನೆ. "ಒಂದು ಸಲ ಹಡಗಿನ ತಳ ನೋಡಿಬಿಡೋಣ, ಪ್ರಭು" ಎಂದು ನಾವಿಕರು ಬೇಡಿಕೊಳ್ಳುತ್ತಾರೆ. "ನಾನು ನೋಡಿದ್ದೇನೆ, ಸಾಕು" ಎನ್ನುತ್ತಾನೆ ದೊರೆ. ತಳದಲ್ಲಿ ತೂತು. ಅಲ್ಲಿಗೆ ಮುಗಿಯಿತು.

"ದೊಡ್ಡ ಮನುಷ್ಯನನ್ನ ಬೀಳಿಸೋದು ಅವನದೇ ಒಂದು ಕೆಟ್ಟ ಗುಣ. ಅದಕ್ಕೆ ದುರಂತ ದೋಷ ಅಂತಾರೆ. ಬರ್ಕೊಳ್ಳಿ," ಎಂದಿದ್ದರು ಸಾರ್. "ತೂತು ಇರೋದು ನೋಡೋರಿಗೆಲ್ಲ ಗೊತ್ತು, ದೊರೆಗೆ ಮಾತ್ರ ಗೊತ್ತಿಲ್ಲ. ಇದಕ್ಕೆ ನಾಟಕೀಯ ವ್ಯಂಗ್ಯ ಅಂತಾರೆ. ಬರ್ಕೊಳ್ಳಿ."

ಎಲ್ಲರೂ ಬರೆದುಕೊಂಡರು. ಒಬ್ಬರಿಗೂ ಅರ್ಥವಾಗಲಿಲ್ಲ. ಅಕ್ಷರ ಮಾತ್ರ ದುಂಡಗೆ ಬಂತು.

ಕೊನೆಗೆ ಸಾರ್ ಬೇಸತ್ತು, "ನಿಮ್ಮ ಮನೇಲೇ ಯಾರಿಗೆ ದುರಂತ ದೋಷ ಇದೆ ಅಂತ ನೋಡ್ಕೊಂಡು ಬಂದು ಹೇಳ್ರಪ್ಪ" ಎಂದುಬಿಟ್ಟರು. ನೆಮ್ಮದಿಯಾಗಿರುವ ಮನೆಗಳಲ್ಲಿ ಜಗಳ ಹಚ್ಚಲು ಇದಕ್ಕಿಂತ ಒಳ್ಳೆಯ ಹೋಂವರ್ಕು ಬೇರೆ ಬೇಕೆ?

ಮರುದಿನ ಒಬ್ಬ ತನ್ನ ತಾತನ ಗೊರಕೆ ಎಂದ. ಇನ್ನೊಬ್ಬಳು ಅಕ್ಕನ ಮೊಬೈಲು ಎಂದಳು. ಕ್ಲಾಸು ಆಕಳಿಸಿತು. ಆಗ ಎದ್ದವಳು ನಮ್ಮ ಗಿಣಿ.

"ನಮ್ಮಪ್ಪ ಟೈಲರ್, ಸಾರ್. ಆದ್ರೆ ಟೇಪ್ ಮುಟ್ಟಲ್ಲ!"

ಒಂದು ಕಣ್ಣು ಮುಚ್ಚಿದಳು, ಕುತ್ತಿಗೆ ವಾಲಿಸಿದಳು, ಥೇಟ್ ಅಪ್ಪನ ದನಿಯಲ್ಲಿ ಶುರು ಮಾಡಿದಳು. "ಅಳತೆ ಯಾಕ್ರೀ? ನನ್ನ ಕಣ್ಣೇ ಟೇಪು!"

ಅಂಚೆಯಣ್ಣನ ಪ್ಯಾಂಟು ಮೊಣಕಾಲು ದಾಟಿ ಸ್ವಲ್ಪ ದೂರಕ್ಕೇ ಸುಸ್ತಾಗಿ ನಿಂತ ಕತೆ ಹೇಳಿದಳು. ಬ್ಯಾಂಕ್ ಮ್ಯಾನೇಜರ್ ಕೋಟಿನೊಳಗೆ ಇನ್ನೊಬ್ಬ ಮ್ಯಾನೇಜರ್ ಆರಾಮಾಗಿ ಹಿಡಿಸುತ್ತಿದ್ದ ಕತೆ ಹೇಳಿದಳು. ಯಾರಾದರೂ ದೂರು ಹೇಳಿದರೆ ಅಪ್ಪ ಎದೆ ಉಬ್ಬಿಸಿ, "ಇದೇ ಸ್ವಾಮಿ ಈಗಿನ ಫ್ಯಾಷನ್! ನೀವಿನ್ನೂ ಹಳೇ ಕಾಲದಲ್ಲೇ ಇದೀರಲ್ಲ!" ಅನ್ನುವುದನ್ನೂ ಆಡಿ ತೋರಿಸಿದಳು. ಜನ ಅಪ್ಪನ ಎದುರಿಗೆ ತಲೆ ಆಡಿಸಿ, ರಸ್ತೆಗಿಳಿದ ಮೇಲೆ ನಗುತ್ತಾರಂತೆ. ಅಮ್ಮ ಸದ್ದಿಲ್ಲದೆ ಹೊಲಿಗೆ ಬಿಚ್ಚಿ ಸರಿ ಮಾಡಿ ಕೊಡುತ್ತಾಳಂತೆ.

ಕ್ಲಾಸು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಸಾರ್ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಶಭಾಷ್! ಇದು ಅಹಂಕಾರ. ಪಕ್ಕಾ ದುರಂತ ದೋಷ. ಬರ್ಕೊಳ್ಳಿ!"

ಅಂದಿನಿಂದ ಗಿಣಿಯ ಕಾಲು ನೆಲದ ಮೇಲಿರಲಿಲ್ಲ. ಊಟದ ಬಿಡುವಿನಲ್ಲಿ ಯಾರೂ ಕರೆಯದಿದ್ದವಳನ್ನು ಈಗ ಎಲ್ಲರೂ ಕರೆಯುವವರೇ. "ಏ ಗಿಣಿ, ನಿಮ್ಮಪ್ಪಂದು ಮಾಡೇ!" ಅವಳು ಮಾಡುತ್ತಿದ್ದಳು. ಹಳೆಯ ಕತೆಗಳು ಖಾಲಿಯಾದಾಗ ಒಂದೆರಡು ಹೊಸದು ಹುಟ್ಟಿಸಿಯೂ ಹೇಳಿದಳು. ಗಣಿತದ ಪೀರಿಯಡ್‌ನಲ್ಲಿ ಸ್ಕೇಲ್ ಕೇಳಿದರೆ ಸಾಕು, ಮೂಲೆಯಿಂದ ಯಾರಾದರೂ "ನನ್ನ ಕಣ್ಣೇ ಸ್ಕೇಲು!" ಅನ್ನುತ್ತಿದ್ದರು.

ಹೀಗಿರುವಾಗ ನಾಟಕದ ದೊರೆಗೆ ನಿಲುವಂಗಿ ಬೇಕಾಯಿತು. ಉದ್ದಕ್ಕಿದ್ದಾನೆ ಎಂಬ ಒಂದೇ ಕಾರಣಕ್ಕೆ ಏಣಿ ದೊರೆಯಾಗಿದ್ದ.

"ಮನೇಲೇ ಟೈಲರ್ ಇದಾರಲ್ಲ, ನಿಮ್ಮಪ್ಪಂಗೆ ಬರೋಕೆ ಹೇಳಮ್ಮ," ಎಂದರು ಸಾರ್.

ಗಿಣಿ ಹೇಳುವುದನ್ನು ಮರೆತಂತೆ ಇದ್ದುಬಿಡೋಣ ಅಂದುಕೊಂಡಳು. ಅಷ್ಟರಲ್ಲಿ ಸಾರ್ ಫೋನ್ ಮಾಡಿಯೇಬಿಟ್ಟಿದ್ದರು.

ಅಪ್ಪ ಬಂದರು. ಏಣಿಯನ್ನು ಕಿಟಕಿ ಪಕ್ಕ ನಿಲ್ಲಿಸಿದರು. ಒಂದು ಕಣ್ಣು ಮುಚ್ಚಿದರು, ಕುತ್ತಿಗೆ ವಾಲಿಸಿದರು. ಅಷ್ಟಕ್ಕೇ ಕ್ಲಾಸಿನಲ್ಲಿ ಕಿಸಕಿಸ ಶುರುವಾಯಿತು.

"ಅಂಕಲ್, ಟೇಪ್ ಬೇಡ್ವಾ?" ಮುಂದಿನ ಬೆಂಚಿನಿಂದ ಒಂದು ದನಿ ಬಂತು, ಬಹಳ ಮುಗ್ಧವಾಗಿ.

"ಟೇಪ್ ಯಾಕಪ್ಪ? ನನ್ನ ಕಣ್ಣೇ ಟೇಪು!"

ಕ್ಲಾಸು ಸಿಡಿಯಿತು. ಬೆಂಚು ಗುದ್ದಿದರು, ಒಬ್ಬರ ಮೇಲೊಬ್ಬರು ಬಿದ್ದರು. ಸಾರ್ ಗೋಡೆಯ ಕಡೆ ತಿರುಗಿ ಕೆಮ್ಮಿದರು. ಅಪ್ಪ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಅವರ ಮುಖ ಊರಗಲ ಆಯಿತು. ಇಷ್ಟು ಜನ ಒಟ್ಟಿಗೆ ತಮ್ಮ ಮಾತಿಗೆ ನಕ್ಕದ್ದನ್ನು ಅವರು ಎಂದೂ ಕಂಡಿರಲಿಲ್ಲ. ಖುಷಿಯಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದರು. ಗಿಣಿ ಬಗ್ಗಿ ಶೂ ಲೇಸ್ ಕಟ್ಟತೊಡಗಿದಳು. ಅದು ಆಗಲೇ ಕಟ್ಟಿಯೇ ಇತ್ತು.

ಸಂಜೆ ಅಂಗಡಿಯಲ್ಲಿ ಅಪ್ಪನಿಗೆ ಅದೇ ಮಾತು.

"ಎಂಥಾ ಮಕ್ಕಳು ಕಣೇ!" ಎಂದರು ಅಮ್ಮನಿಗೆ. "ಇಲ್ಲಿ ನಾನು ಬಾಯಿ ಬಿಟ್ರೆ ಎಲ್ರೂ ಮುಖ ಗಂಟು ಹಾಕ್ಕೋತಾರೆ. ಅಲ್ಲಿ ನಾನು ಒಂದು ಮಾತಾಡಿದ್ರೆ ಸಾಕು, ಬಿದ್ದು ಬಿದ್ದು ನಗ್ತಾವೆ. ನಾನಂದ್ರೆ ಅಷ್ಟು ಇಷ್ಟ ಅವಕ್ಕೆ."

ಗುಂಡಿ ಆರಿಸುತ್ತಿದ್ದ ಗಿಣಿ ಡಬ್ಬಿ ಮುಚ್ಚಿಟ್ಟಳು. ಸಾರ್ ಎಷ್ಟು ಸಲ ಬರೆಸಿದರೂ ತಲೆಗೆ ಹೋಗದಿದ್ದ ನಾಟಕೀಯ ವ್ಯಂಗ್ಯದ ಆ ಡೆಫಿನಿಷನ್ನು ಈಗ ಯಾರೂ ಬರೆಸದೆ ಅರ್ಥವಾಗಿಹೋಯಿತು. ತೂತು ಇರುವುದು ಎಲ್ಲರಿಗೂ ಗೊತ್ತಿತ್ತು, ಅಪ್ಪನೊಬ್ಬರನ್ನು ಬಿಟ್ಟು. ಕೊರೆದವಳು ಅವಳೇ.

"ಅಪ್ಪ, ಬಟ್ಟೆ ನಾನೇ ತಗೊಂಡು ಹೋಗ್ತೀನಿ. ನೀನು ಬರೋದು ಬೇಡ."

"ಚೆನ್ನಾಗಿದೆ! ಮಕ್ಕಳು ಕಾಯ್ತಿರ್ತಾರಲ್ಲೇ!" ಎಂದರು ಅಪ್ಪ. ತಾವು ಹಾಕಿಕೊಂಡು ಹೋಗಬೇಕಾದ ಒಳ್ಳೆ ಷರಟಿಗೆ ಆಗಲೇ ಇಸ್ತ್ರಿ ಹಾಕುತ್ತಿದ್ದರು.

ಮಕ್ಕಳು ಕಾಯುತ್ತಲೇ ಇದ್ದರು. ಕೆಂಪು ನಿಲುವಂಗಿ ನಿಜಕ್ಕೂ ಭರ್ಜರಿಯಾಗಿತ್ತು. ಚಿನ್ನದ ಬಣ್ಣದ ಅಂಚು, ಕುತ್ತಿಗೆಗೆ ದೊಡ್ಡ ಕಾಲರು. ಏಣಿ ಅದರೊಳಗೆ ನುಗ್ಗಿ ನಿಂತ. ಬಲಗೈ ಹೊರಗೆ ಬಂತು. ಎಡಗೈ ಬರಲೇ ಇಲ್ಲ. ತೋಳು ಬೆರಳುಗಳನ್ನು ನುಂಗಿ, ಇನ್ನೂ ಉಳಿದು, ಕೆಳಗೆ ಜೋತಾಡುತ್ತಿತ್ತು.

ಇಡೀ ಕ್ಲಾಸು ಉಸಿರು ಬಿಗಿಹಿಡಿಯಿತು. ಇನ್ನೇನು ಆ ಫ್ಯಾಷನ್ ಮಾತು ಬರುತ್ತದೆ, ಇನ್ನೇನು ನಗಬೇಕು. ಒಬ್ಬನಂತೂ ಮುಂಚೆಯೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದ. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಎದೆ ಉಬ್ಬಿಸಿ, ಬಾಯಿ ತೆರೆದರು.

"ಅಪ್ಪ, ಎಡಗಡೆ ತೋಳು ಉದ್ದ ಆಗಿದೆ."

ಗಿಣಿ ಎದ್ದು ನಿಂತಿದ್ದಳು. ದನಿ ಅವಳದೇ. ಯಾರದ್ದೂ ಅನುಕರಣೆಯಲ್ಲ.

"ಏನಂದೆ?"

"ಉದ್ದ ಆಗಿದೆ ಅಪ್ಪ. ಎಲ್ರಿಗೂ ಕಾಣ್ತಿದೆ. ಅಳತೆ ತಗೋ." ಅವಳು ಬ್ಯಾಗಿನಿಂದ ಅಮ್ಮನ ಟೇಪು ತೆಗೆದು ಚಾಚಿದಳು.

ಅಪ್ಪನ ಮುಖದಲ್ಲಿದ್ದ ನಗು ಎಲ್ಲಿಗೆ ಹೋಗುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು. ಆಮೇಲೆ ಟೇಪು ತೆಗೆದುಕೊಂಡರು. ಹೆಗಲಿನಿಂದ ಮಣಿಕಟ್ಟಿನವರೆಗೆ ಅಳೆದರು, ಸೀಮೆಸುಣ್ಣದಿಂದ ಗುರುತು ಹಾಕಿದರು. ಟೈಲರ್ ಒಬ್ಬ ಟೇಪಿನಲ್ಲಿ ಅಳೆದರೆ ಅದರಲ್ಲಿ ನಗುವುದು ಏನಿದೆ? ಸಿನಿಮಾ ಮಧ್ಯೆ ಕರೆಂಟು ಹೋದವರಂತೆ ಎಲ್ಲರೂ ಮಿಕಮಿಕ ನೋಡಿದರು.

"ಇದಕ್ಕೆ ನಾಟಕದಲ್ಲಿ ಏನಂತಾರೆ ಅಂದ್ರೆ..." ಎಂದು ಸಾರ್ ಶುರು ಮಾಡಿದರು. ಡೆಫಿನಿಷನ್ ಸಿಗಲಿಲ್ಲ. ಕನ್ನಡಕ ಒರೆಸುತ್ತ ಕಿಟಕಿಯ ಹೊರಗೆ ನೋಡಿದರು.

ಮನೆಗೆ ಹೋಗುವಾಗ ಅಪ್ಪ ನಿಲುವಂಗಿಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಿರಬಿರನೆ ನಡೆದರು. ಗಿಣಿ ಹಿಂದೆ ಹಿಂದೆ ಓಡಿದಳು. ಸೈಕಲ್ ರಿಪೇರಿ ಅಂಗಡಿ ದಾಟಿದ ಮೇಲೆ ಅವರು ನಿಂತರು.

"ಮನೇಲಿ ಹೇಳಿದ್ರೆ ಆಗ್ತಿರ್ಲಿಲ್ವಾ?"

ಗಿಣಿ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು.

"ಆ ಮಕ್ಕಳು ಎಷ್ಟು ಖುಷಿಯಾಗಿದ್ವು. ಅವರೆಲ್ಲರ ಮುಂದೆ, ಹೆತ್ತ ಮಗಳೇ ಅಪ್ಪನ ಮಾನ ಕಳೆಯೋದಾ?" ಅವರ ದನಿ ಒಡೆದಿತ್ತು. "ಬೇರೆ ಯಾರಾದ್ರೂ ಅಂದಿದ್ರೆ ಬೇಜಾರಾಗ್ತಿರ್ಲಿಲ್ಲ ಕಣೇ."

ಕ್ಲಾಸಿನವರು ಯಾಕೆ ನಗುತ್ತಿದ್ದರು ಅಂತ ಹೇಳಿಬಿಟ್ಟರೆ, ಇವತ್ತು ತಾನು ಮಾಡಿದ್ದು ಸರಿ ಅಂತ ಅಪ್ಪನಿಗೆ ಗೊತ್ತಾಗುತ್ತಿತ್ತು. ಗಿಣಿ ಬಾಯಿ ತೆರೆದಳು. ಅಪ್ಪನ ಮೈಮೇಲಿದ್ದ ಇಸ್ತ್ರಿ ಷರಟನ್ನು ನೋಡಿದಳು. ಬಾಯಿ ಮುಚ್ಚಿದಳು.

"ತಪ್ಪಾಯ್ತಪ್ಪ," ಎಂದಳು.

ಯಾವ ದಿನದ ತಪ್ಪು ಅಂತ ಅಪ್ಪ ಕೇಳಲಿಲ್ಲ. ಅವಳೂ ಹೇಳಲಿಲ್ಲ.