ಒಪ್ಪುವವರ ಗಾಡಿ

ವಿದ್ಯಾನಗರದ ತಿರುವಿನಲ್ಲಿ ಕೂಡುಗಾಡಿ ಬಂದು ನಿಂತು, ತಾನಾಗಿಯೇ ಬಾಗಿಲು ತೆರೆಯಿತು. ಚಾಲಕನಿಲ್ಲ, ಗೊತ್ತುಪಡಿಸಿದ ಮಾರ್ಗವಿಲ್ಲ, ಆರು ಸೀಟು. ಎಲ್ಲಿಗೆ ಹೋಗಬೇಕೆಂದು ಫೋನಿನಲ್ಲಿ ಹೇಳಿದರೆ ಸಾಕು. ಊರಿನವರ ಪ್ರಯಾಣಗಳನ್ನೆಲ್ಲ ಒಟ್ಟಿಗೆ ಲೆಕ್ಕಹಾಕುವ ಗಣಕವೊಂದು ಯಾರನ್ನು ಯಾವ ಗಾಡಿಗೆ ಹತ್ತಿಸಬೇಕೆಂದು ಕ್ಷಣದಲ್ಲಿ ನಿರ್ಧರಿಸುತ್ತಿತ್ತು. ಇದು ಬಂದ ಮೇಲೆ ಹುಬ್ಬಳ್ಳಿಯ ಜನ ವಾಹನಗಳ ಸಾಲಿನಲ್ಲಿ ಸಿಕ್ಕಿಬೀಳುವುದನ್ನು ಮರೆತರು. ಸೀಟಿಗಾಗಿ ಕಿತ್ತಾಡುವುದನ್ನೂ ಮರೆತರು.

ವನಮಾಲಾ ಹೊಂಬಳ ಒಳಗೆ ಹತ್ತಿದಾಗ ದಸ್ತಗೀರ್ ಮುಲ್ಲಾ ಆಗಲೇ ಕೂತಿದ್ದರು. ಅವರು ರೈಲ್ವೆ ಸಿಗ್ನಲ್ ಎಂಜಿನಿಯರ್. ವನಮಾಲಾ ದಂತವೈದ್ಯರಿಗಾಗಿ ಕೃತಕ ಹಲ್ಲು ತಯಾರಿಸುವವಳು. ಇಬ್ಬರೂ ಮೊದಲು ಭೇಟಿಯಾದದ್ದು ಈ ಗಾಡಿಯಲ್ಲೇ. ಕ್ರಮೇಣ ಇನ್ನೂ ನಾಲ್ವರು ಸೇರಿ ಒಂದು ಗುಂಪಾಯಿತು. ಪಾಚಿಯಿಂದ ಉರಿಯುವ ಬೀದಿದೀಪ, ನದಿಯ ಕಸ ನುಂಗುವ ದೋಣಿ, ಅಯಸ್ಕಾಂತದ ಮೇಲೆ ತೇಲುವ ಸರಕು ರೈಲು ಹೀಗೆ ಅಂತರ್ಜಾಲದಲ್ಲಿ ಕಂಡ ಹೊಸದನ್ನೆಲ್ಲ ಅವರು ಪರಸ್ಪರ ಕಳಿಸಿಕೊಳ್ಳುತ್ತಿದ್ದರು. ಒಬ್ಬರಿಗೆ ಹಿಡಿಸಿದ್ದು ಆರೂ ಜನಕ್ಕೆ ಹಿಡಿಸುತ್ತಿತ್ತು.

ಹೋದ ವಾರ ದಸ್ತಗೀರ್ ಕಳಿಸಿದ್ದು ಹುಬ್ಬಳ್ಳಿಯದೇ ಸುದ್ದಿ. ರೈಲುಹಳಿಯ ಆಚೆಗೆ ಕೂಡುಗಾಡಿಗಳಿಗೆಂದೇ ಹೊಸ ರಸ್ತೆ ಬರುವುದಿತ್ತು. ಚಿತ್ರದಲ್ಲಿ ಅದು ಪಾಳುಬಿದ್ದ ಜಾಗದ ಮೇಲೆ ಹಾದುಹೋಗಿತ್ತು. ಆರೂ ಜನ ಸಂಚಾರ ಮಂಡಳಿಗೆ ಒಪ್ಪಿಗೆ ಕಳಿಸಿಬಿಟ್ಟಿದ್ದರು.

ಆ ದಿನ ಮಧ್ಯಾಹ್ನ ವನಮಾಲಾಳ ಫೋನು ಪ್ಲಾಸ್ಟರ್ ಕಲಸಿದ ಬೋಗುಣಿಯೊಳಗೆ ಬಿದ್ದು ಕೆಟ್ಟಿತು. ಮನೆಗೆ ಮರಳಲು ಲ್ಯಾಬಿನ ಹೊಸ ಫೋನಿನಿಂದ ಗಾಡಿ ಕರೆದಳು. ಆ ಫೋನಿನಲ್ಲಿ ಅವಳ ಹೆಸರಾಗಲಿ, ಹಳೆಯ ಸಂದೇಶಗಳಾಗಲಿ ಇರಲಿಲ್ಲ.

ಬಂದ ಗಾಡಿಯಲ್ಲಿ ಗುರುತಿನ ಮುಖ ಒಂದೂ ಇಲ್ಲ. ರೊಟ್ಟಿ ಬುಟ್ಟಿ ಇಟ್ಟುಕೊಂಡ ಹೆಂಗಸರು ಎತ್ತರದ ದನಿಯಲ್ಲಿ ಮಾತಾಡುತ್ತಿದ್ದರು. ಅವರಲ್ಲೊಬ್ಬಳು, ಖಾನಾವಳಿ ನಡೆಸುವ ಗಿರಿಜಾ ಮೇಟಿ, ಹೊಸ ರಸ್ತೆಯನ್ನು ಬಾಯಿತುಂಬ ಬೈಯುತ್ತಿದ್ದಳು.

"ಆ ದಾರಿ ಚಲೋ ಅಲ್ಲೇನ್ರಿ?" ಎಂದು ವನಮಾಲಾ ಕೇಳಿದಳು.

"ಯಾರಿಗೆ ಚಲೋ? ನಮ್ಮ ಓಣಿ ಪೂರಾ ಹೋಗತೈತ್ರಿ."

"ಅದು ಖಾಲಿ ಜಾಗ ಅಂತ ಎಲ್ಲಾರೂ ಹೇಳ್ತಾರಲ್ಲ?"

ಗಿರಿಜಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಎಲ್ಲಾರೂ ಅಂದ್ರ ಯಾರ್ರಿ? ನಾ ಕಂಡೋರಾಗ ಅದು ಬೇಕು ಅನ್ನೋರು ನೀವ ಮೊದಲನೆಯವ್ರು."

ವನಮಾಲಾ ಇಳಿದು ಮನೆ ಸೇರಿದರೂ ಆ ಪ್ರಶ್ನೆ ಬಿಡಲಿಲ್ಲ. ಇಷ್ಟು ವರ್ಷ ಈ ಹೆಂಗಸರು ಎಲ್ಲಿದ್ದರು? ಅದೇ ಊರು, ಅವೇ ಗಾಡಿಗಳು. ಒಂದು ದಿನವಾದರೂ ಒಬ್ಬಳಾದರೂ ಪಕ್ಕದಲ್ಲಿ ಕೂತಿರಲಿಲ್ಲವೇಕೆ? ಕೊನೆಗೆ ಅವಳ ಅನುಮಾನ ದಸ್ತಗೀರ್ ಮೇಲೆ ಹೋಗಿ ನಿಂತಿತು. ಸುದ್ದಿ ತಂದವರು ಅವರೇ. ತಾನು ಮನಸ್ಸಿನಲ್ಲಿ ಅಂದುಕೊಂಡದ್ದನ್ನೇ ಮರುದಿನ ಕಳಿಸುವುದು ಅವರಿಗೆ ಹೇಗೆ ಸಾಧ್ಯ?

ಮರುದಿನ ಚಹಾದಂಗಡಿಯಲ್ಲಿ ನೇರವಾಗಿಯೇ ಕೇಳಿದಳು. "ದಸ್ತಗೀರಣ್ಣಾ, ಆ ದಾರಿ ಸುದ್ದಿ ಯಾರಾರ ಹೇಳಿ ನಿಮ್ಮ ಕಡೆಯಿಂದ ಕಳಿಸಿದ್ರೇನು?"

ಅವರು ಕಪ್ಪು ಕೆಳಗಿಟ್ಟರು. "ಅಂದ್ರ ನಾ ಯಾರದೋ ಕೈಯಾಳು ಅಂತೀರೇನಕ್ಕಾ?"

"ಹಂಗಲ್ಲ..."

"ಹಂಗ ಕೇಳಿದ್ರಿ." ಅವರ ಮುಖ ಕೆಂಪಾಗಿತ್ತು. "ಗಾಡಿಯೊಳಗಿನ ಪರದೆ ಮ್ಯಾಲೆ ಕಂಡಿತ್ತು. ನಿಮಗ ಹಿಡಸತೈತಿ ಅಂತ ಕಳಿಸಿದೆ." ಆಮೇಲೆ ದನಿ ತಗ್ಗಿಸಿ ಅಂದರು, "ಅಕ್ಕಾ, ನಮ್ಮನ್ನ ಆವತ್ತು ಒಂದ ಗಾಡ್ಯಾಗ ಕೂಡಿಸಿದ್ದು ಯಾರು?"

ಕೂಡುಗಾಡಿಯ ಗಣಕವನ್ನು ರೂಪಿಸಿದವರು ಡಾ. ಅಮೋಘ ನಾಡಿಗೇರ. ವನಮಾಲಾ, ದಸ್ತಗೀರ್ ಇಬ್ಬರೂ ಮಂಡಳಿಯ ಕಚೇರಿಗೆ ಹೋಗಿ ಕೇಳಿದಾಗ ಅವರು ಏನನ್ನೂ ಮುಚ್ಚಿಡಲಿಲ್ಲ. ಅದೇ ವನಮಾಲಾಳನ್ನು ಹೆಚ್ಚು ಹೆದರಿಸಿತು.

"ಶುರುವಿನಾಗ ಗಾಡಿಯೊಳಗ ಭಾಳ ಜಗಳ ಆಗ್ತಿದ್ವು. ಒಬ್ಬಾಂವಗ ಚಾಕು ಬಿತ್ತು. ಜಗಳ ನಿಲ್ಲಸು ಅಂದ್ರು, ನಿಲ್ಲಿಸಿದೆ."

ಉಪಾಯ ಸರಳವಾಗಿತ್ತು. ಜನ ಗೆಳೆಯರಿಗೆ ಏನು ಕಳಿಸುತ್ತಾರೆ, ಯಾವುದನ್ನು ಪೂರ್ತಿ ಓದುತ್ತಾರೆ, ಯಾವುದನ್ನು ಅರ್ಧಕ್ಕೆ ಬಿಡುತ್ತಾರೆ ಎಂಬುದರಿಂದ ಗಣಕ ಪ್ರತಿಯೊಬ್ಬರಿಗೂ ಒಂದು 'ಒಪ್ಪಿಗೆ ಅಂಕ' ಕೊಡುತ್ತಿತ್ತು. ಅಂಕ ಹೊಂದುವವರನ್ನು ಒಂದೇ ಗಾಡಿಗೆ ಹತ್ತಿಸುತ್ತಿತ್ತು. ಪರದೆಯ ಮೇಲೆ ಅವರಿಗೆ ಹಿಡಿಸುವುದನ್ನೇ ತೋರಿಸುತ್ತಿತ್ತು. ಹೊಂದದವರು ಒಂದೇ ಬೀದಿಯಲ್ಲಿದ್ದರೂ ಎದುರಾಗುತ್ತಿರಲಿಲ್ಲ.

"ಹಂಗಾದ್ರ ನಮ್ಮ ಗೆಳೆತನ?" ದಸ್ತಗೀರ್ ಕೇಳಿದರು. "ಅದು ನಮ್ಮದೋ, ನಿಮ್ಮ ಗಣಕದ್ದೋ?"

ಅಮೋಘ ತಲೆ ತಗ್ಗಿಸಿದರು. "ಅದನ್ನ ಅಳೆಯೋ ಸಾಧನ ನನ್ನ ಹತ್ರ ಇಲ್ರಿ."

ವನಮಾಲಾ ತನ್ನ ಅಂಕವನ್ನು ಅಲ್ಲೇ ಅಳಿಸಿ ಹಾಕಿಸಿದಳು. ದಸ್ತಗೀರ್ ಮಾತ್ರ, "ನಂದು ಇರಲಿ" ಎಂದರು. ಅವಳಿಗೆ ಅದೂ ಅನುಮಾನ ತಂದಿತು.

ಅಂದಿನಿಂದ ಯಾವ ಗಾಡಿಯೂ ಅವರಿಬ್ಬರನ್ನು ಒಟ್ಟಿಗೆ ಕೂರಿಸಲಿಲ್ಲ. ವನಮಾಲಾಳ ಗಾಡಿ ತಡವಾಗಿ ಬರುತ್ತಿತ್ತು. ಪಕ್ಕದವರು ಅವಳಿಗೆ ಸಹಿಸಲಾಗದ್ದನ್ನು ಮಾತಾಡುತ್ತಿದ್ದರು. ಒಮ್ಮೊಮ್ಮೆ ನಡುದಾರಿಯಲ್ಲೇ ಇಳಿದುಬಿಡಬೇಕೆನಿಸುತ್ತಿತ್ತು. ಅವಳು ಮಂಡಳಿಗೆ ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಂಡು, ಗಿರಿಜಾಳ ಓಣಿಯ ಚಿತ್ರಗಳನ್ನು ಗುಂಪಿಗೆ ಕಳಿಸಿದಳು. ನಾಲ್ವರು ಉತ್ತರವನ್ನೇ ಕೊಡಲಿಲ್ಲ. ದಸ್ತಗೀರ್ ಮಾತ್ರ, 'ದಾರಿ ಊರಿಗೆ ಬೇಕೇ ಬೇಕು' ಎಂದು ಬರೆದರು. ಅವಳು ಖಾರವಾಗಿ ಉತ್ತರಿಸಿದಳು. ಅವರು ಅದಕ್ಕಿಂತ ಖಾರವಾಗಿ ಬರೆದರು.

ಎರಡು ದಿನದ ಮೇಲೆ ದಸ್ತಗೀರ್ ಅವಳ ಮನೆಯ ಬಾಗಿಲಲ್ಲಿ ನಿಂತಿದ್ದರು, ಬೆವರು ಸುರಿಸುತ್ತ.

"ಗಣಕ ನಮ್ಮ ಜಗಳ ಓದೈತಿ, ಗಾಡಿ ನಿಮ್ಮ ಮನಿ ಕಡೆ ನನ್ನ ತರವಲ್ದು. ನಡಕೊಂತ ಬಂದೆ. ಕುಡಿಯಾಕ ನೀರು ಕೊಡ್ರಿ, ಆಮ್ಯಾಲೆ ಜಗಳ ಆಡೂಣು."

ಅವಳಿಗೆ ನಗು ತಡೆಯಲಾಗಲಿಲ್ಲ. ಜಗಳವನ್ನೂ ಬಿಡಲಿಲ್ಲ. ಮಾತು ಮುಗಿಯದೆ ಅವರನ್ನು ಗಿರಿಜಾಳ ಓಣಿಗೇ ಕರೆದೊಯ್ದಳು. ದಸ್ತಗೀರ್ ಮನೆಗಳನ್ನು ನೋಡಿದರು, ಅಂಗಳದಲ್ಲಿ ರೊಟ್ಟಿ ಬಡಿಯುವವರನ್ನು ನೋಡಿದರು. ಆದರೂ ದಾರಿ ಬೇಡವೆನ್ನಲಿಲ್ಲ. ಗಿರಿಜಾ ಎದುರಾಡಿದಳು, ಅವರೂ ಎದುರಾಡಿದರು. ಹಾಗೆ ಹಟಕ್ಕೆ ಬಿದ್ದೇ, ಬಳಕೆ ತಪ್ಪಿದ ಹಳೆಯ ಹಳಿಯ ಪಕ್ಕದಿಂದ ಸುತ್ತಿ ಹೋಗುವ ಬೇರೊಂದು ದಾರಿಯನ್ನು ಅವರು ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ತುಸು ದೂರ, ಆದರೆ ಮನೆ ಒಂದೂ ಹೋಗುವುದಿಲ್ಲ. ಓಣಿಯವರು ತಿಂಗಳುಗಟ್ಟಲೆ ಓಡಾಡಿದ ಮೇಲೆ ಮಂಡಳಿ ಅದನ್ನೇ ಒಪ್ಪಿತು.

ಒಪ್ಪಿದ ದಿನ ವನಮಾಲಾ ಗಿರಿಜಾಳ ಖಾನಾವಳಿಯಲ್ಲಿ ಕೂತಿದ್ದಾಗ ಅಮೋಘ ತಾವಾಗಿಯೇ ಅಲ್ಲಿಗೆ ಬಂದರು. ಗಿರಿಜಾ ಊಟ ಬಡಿಸುತ್ತ ಕೇಳಿದಳು, "ಮಂದೀನ ಹಿಂಗ ಬ್ಯಾರೆ ಬ್ಯಾರೆ ಮಾಡೂದು ನಿಮಗ ಯಾರು ಕಲಿಸಿದ್ರು ಸರ್?"

"ಹೊಸದಲ್ರಿ ಅದು. ನಾ ಸಣ್ಣಾಂವ ಇದ್ದಾಗ ನಮ್ಮಪ್ಪ, ಅವ್ವ ಇಬ್ರೂ ಒಂದ ಸೋಫಾದ ಮ್ಯಾಲೆ ಕೂತು ಫೋನ್ ನೋಡ್ತಿದ್ರು. ಅಪ್ಪಗ ಕಾಣೋ ಜಗತ್ತೇ ಬ್ಯಾರೆ, ಅವ್ವಗ ಕಾಣೋದೇ ಬ್ಯಾರೆ. ತಮಗ ಕಂಡದ್ದನ್ನ ತಮ್ಮ ತಮ್ಮ ಗೆಳೆಯರಿಗೆ ಕಳಿಸಿ ಖುಷಿ ಪಡ್ತಿದ್ರು. ನಾ ಅದಕ್ಕ ಗಾಲಿ ಹಚ್ಚಿದೆ, ಅಷ್ಟ."

"ಆವಾಗ ಯಾರೂ ಅನುಮಾನ ಪಡಲಿಲ್ಲೇನು?" ಎಂದು ಗಿರಿಜಾ ಕೇಳಿದಳು.

ಅಮೋಘ ವನಮಾಲಾಳತ್ತ ನೋಡಿದರು. ಉತ್ತರ ಕೊಡುವ ವಯಸ್ಸಿನವಳು ಅಲ್ಲಿ ವನಮಾಲಾ ಒಬ್ಬಳೇ. ಆ ಕಾಲದಲ್ಲಿ ಅವಳು ಕಾಲೇಜು ಹುಡುಗಿ, ಕೈಯಲ್ಲಿ ಯಾವಾಗಲೂ ಫೋನು.

"ಇಲ್ಲವ್ವಾ," ಎಂದಳು. "ಎಲ್ಲಾ ನಮಗ ಬೇಕಾದ್ದ ಕಾಣ್ತಿತ್ತಲ್ಲ."