ಪ್ಯಾಕೆಟ್ಟಿನ ಮಡಿಕೆ ಬಿಡದ ದಾರ

"ಐದು ಗಂಟಿಗೆ ನನ್ನ ಮ್ಯಾಲ ನರ್ಸಿಂಗ್ ಕೌನ್ಸಿಲ್ಲಿಗೆ ಕಂಪ್ಲೇಂಟ್ ಕಳಸ್ತಾರಂತ್ರಿ. ರಿಜಿಸ್ಟ್ರೇಷನ್ ಹೋದ್ರ ನಾ ಎಲ್ಲೂ ನರ್ಸ್ ಆಗಿ ಇರಂಗಿಲ್ಲ."

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಉಚ್ಚೆಂಗಮ್ಮನವರ ಮನೆ ಬಾಗಿಲಲ್ಲಿ ಗಂಗೋತ್ರಿ ನಿಂತಿದ್ದಳು. ಆಗ ಮಧ್ಯಾಹ್ನ ಒಂದೂವರೆ. ಉಚ್ಚೆಂಗಮ್ಮ ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಸುತ್ತಲ ಊರುಗಳ ಬಿಡಿಸಲಾಗದ ಸಂಗತಿಗಳೆಲ್ಲ ಅವರ ಮನೆಗೇ ಬರುತ್ತಿದ್ದವು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಪಕ್ಕದ ಮನೆಯವನು, ಅವರ ಬೆನ್ನಹಿಂದೆ ಅಲೆಯುವವನು.

"ಕುಂದ್ರು. ಮೊದ್ಲಿಂದ ಹೇಳು."

ಕಂಪ್ಲಿಯ ಮುದುಕಮ್ಮನಿಗೆ ಹೊಸಪೇಟೆಯ ನರ್ಸಿಂಗ್ ಹೋಮೊಂದರಲ್ಲಿ ಮಂಡಿಕೀಲು ಬದಲಿಸಿದ್ದರು. ಚರ್ಮಕ್ಕೆ ಹಾಕಿದ್ದು ಒಳಗೇ ಕರಗುವ ದಾರ, ಬಿಚ್ಚುವಂಥದ್ದಲ್ಲ. ಗಂಗೋತ್ರಿ ಮನೆಗೆ ಹೋಗಿ ಗಾಯದ ಪಟ್ಟಿ ಬದಲಿಸುತ್ತಿದ್ದಳು. ಹತ್ತನೆಯ ದಿನ ಅವಳು ಬಂದುಹೋದ ಮೇಲೆ ಮುದುಕಮ್ಮ ಮಂಡಿ ಮಡಿಸಿದಾಗ ಗಾಯ ಬಾಯಿಬಿಟ್ಟಿತು. ಮುದುಕಮ್ಮನನ್ನು ನರ್ಸಿಂಗ್ ಹೋಮಿಗೆ ಕರೆತರಲು ಹೋದ ಥಿಯೇಟರ್ ಸಹಾಯಕ ಕಿರಣ್ ಕುಮಾರ್, ಗಂಗೋತ್ರಿಯ ಕಸದ ಕವರಿನಲ್ಲಿ ಸಿಕ್ಕಿತೆಂದು ರಕ್ತ ಹತ್ತಿದ ದಾರವೊಂದನ್ನು ತಂದುಕೊಟ್ಟ. ಬಿಚ್ಚುವ ಹೊಲಿಗೆಯೆಂದು ತಿಳಿದು ಇವಳೇ ಎಳೆದುಹಾಕಿದ್ದಾಳೆ ಎಂಬುದು ಆರೋಪ.

"ಎಳದೀಯೇನು?"

"ಇಲ್ರಿ."

ಉಚ್ಚೆಂಗಮ್ಮ ಚಪ್ಪಲಿ ಮೆಟ್ಟಿದರು.

ನಾವು ಮೂವರೂ ನರ್ಸಿಂಗ್ ಹೋಮಿಗೆ ಹೋದಾಗ ಆಪರೇಷನ್ ಮಾಡಿದ್ದ ಡಾಕ್ಟರ್ ಮನೋಹರ್ ಸಿಡಿಮಿಡಿಗೊಂಡಿದ್ದರು. "ಒಳಪದರ ಗಟ್ಟಿ ಐತಿ, ಅದಕ್ಕ ಕೀಲು ಉಳಿದೈತಿ. ಒಳಪದರ ಹೊಲಿದು ನಾ ಹೊರಗ ಬಂದೆ, ಚರ್ಮ ಕಿರಣ್ ಹೊಲಿದ. ತಪ್ಪು ಆಗಿದ್ದು ಮನ್ಯಾಗ್ರಿ." ದಾರವನ್ನು ಮುಂದಿಟ್ಟರು. ನಯವಾದ ಒಂಟಿ ಎಳೆ. ಒಂದೇ ಅಳತೆಯ ಅಂಡಾಕಾರದ ಸುತ್ತುಗಳಾಗಿ ಬಾಗಿಕೊಂಡಿತ್ತು.

ಮುದುಕಮ್ಮ ಮಂಚದಿಂದಲೇ ಹೇಳಿದಳು: "ಎಂಟನೇ ದಿನ ಪಟ್ಟಿಗೆ ದಾರದ ಚೂರು ಹುಡಿಹುಡಿಯಾಗಿ ಅಂಟಿ ಬಂದಿತ್ತವ್ವ. ಇಷ್ಟು ಜಲ್ದಿನಾ ಅಂತ ಈಕಿ ಪಟ್ಟಿ ಬದಲ್ಸೋ ಕಾರ್ಡಿನ್ಯಾಗ ಬರದಾಳ. ಯಾರ್ ಓದ್ತಾರ?"

ಉಚ್ಚೆಂಗಮ್ಮ ಓದಿದರು. ನಂತರ ಆ ದಾರದ ಅರ್ಧವನ್ನೂ ಅದೇ ಜಾತಿಯ ಹೊಸ ಪ್ಯಾಕೆಟ್ಟೊಂದನ್ನೂ ನನ್ನ ಕೈಗಿತ್ತರು. "ಮೇಷ್ಟ್ರೆ, ನಿಮ್ಮ ಲ್ಯಾಬಿಗೆ ಓಡ್ರಿ."

ನಾನು ಮರಳಿದಾಗ ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಎಲ್ಲರೂ ಮುದುಕಮ್ಮನ ಮಂಚದ ಸುತ್ತ ಸೇರಿದ್ದರು.

"ದಾರಕ್ಕೂ ಪರೀಕ್ಷೆ ಮಾಡಿದ್ರಂತಲ್ರಿ," ಕಿರಣ್ ನಕ್ಕ. "ಪಾಸಾತೇನು?"

"ಹೊಸದು ಎಷ್ಟು ತೂಕಕ್ಕೆ ಹರಿಯಿತೋ ಇದೂ ಹೆಚ್ಚುಕಡಿಮೆ ಅಷ್ಟಕ್ಕೇ ಹರಿಯಿತು," ಎಂದೆ.

"ಭಾಳ ಚಲೋ ಪಾಸಾತು, ಅದೇ ತಪ್ಪಾತು," ಎಂದರು ಉಚ್ಚೆಂಗಮ್ಮ. "ಡಾಕ್ಟ್ರೆ, ಈ ದಾರ ಹತ್ತು ದಿನ ಚರ್ಮದಾಗ ಇದ್ರ ಎಷ್ಟು ಬಲ ಉಳೀತೈತ್ರಿ?"

ಮನೋಹರ್ ತಡೆದು ಹೇಳಿದರು, "ಅರ್ಧಾನೂ ಉಳಿಯಂಗಿಲ್ಲ."

"ಹೌದಲ್ರಿ. ಮತ್ತ ಆಕಾರ ನೋಡ್ರಿ. ಹೊಲಿಗ್ಯಾಗಿದ್ದ ದಾರ ಹೊಲಿಗಿ ಹೋದಂಗ ಅಂಕುಡೊಂಕು ಆಗಿರ್ತೈತಿ. ಇದು ಪ್ಯಾಕೆಟ್ಟಿನ ಸುತ್ತು ಇನ್ನೂ ಬಿಟ್ಟಿಲ್ಲ. ಇದು ಮುದುಕಮ್ಮನ ಮಂಡಿ ಕಂಡೇ ಇಲ್ಲ, ರಕ್ತ ಅಷ್ಟ ಕಂಡೈತಿ. ಹಂಗಾದ್ರ ಮಂಡ್ಯಾಗ ಯಾವ ದಾರ ಇತ್ತು? ಎಂಟೇ ದಿನಕ್ಕ ಹುಡಿ ಆಗಿ ಬರೋ ದಾರ ನಿಮ್ಮ ಕಪಾಟಿನ್ಯಾಗ ಒಂದೇ ಐತಿ. ಹುಡುಗರ ತುಟಿ ಹರಿದ್ರ ಹಾಕೋ ಜಲ್ದಿ ಕರಗೋ ದಾರ. ತುಟಿಗೆ ಅದು ಸಾಕು. ದಿನಾ ಮಡಚಿ ಬಿಚ್ಚೋ ಮಂಡಿಗೆ ಸಾಲಂಗಿಲ್ಲ. ಚರ್ಮ ಹೊಲದಾವ ಒಬ್ಬನೇ. ಈ ದಾರ ಸಿಕ್ತು ಅಂತ ತಂದಾವನೂ ಅವನೇ."

ಕಿರಣ್ ಕುಮಾರನ ಮುಖದ ನಗೆ ಇಂಗಿತ್ತು.

"ಪ್ಯಾಕೆಟ್ ಒಡಿಯೋ ಮುಂಚೆ ಹೆಸರು ಗಟ್ಟಿಯಾಗಿ ಓದಿದ್ಯೇನಪ್ಪ?"

"ಇಲ್ರಿ," ಅಂದ ಅವನು ಮೆಲ್ಲಗೆ. "ಮಂಡಿಗೆ ಹಾಕೋ ದಾರ ಆವತ್ತು ಖಾಲಿ ಆಗಿತ್ರಿ. ಎರಡೂ ಕರಗೋವೇ ಅಲ್ಲಾ, ನಡೀತೈತಿ ಅಂದ್ಕೊಂಡೆ. ಗಾಯ ಬಿಟ್ಟೈತಿ ಅಂದಕೂಡ್ಲೆ ತಪ್ಪು ಗೊತ್ತಾತ್ರಿ, ಅಂಜಿ ಹೊಸ ದಾರಕ್ಕ ರಕ್ತ ಹಚ್ಚಿ ತಂದೆ."

ಮನೋಹರ್ ಟೈಪಾಗಿದ್ದ ಕಂಪ್ಲೇಂಟನ್ನು ಫೈಲಿನಿಂದ ತೆಗೆದು ಗಂಗೋತ್ರಿಗೇ ಕೊಟ್ಟರು. "ಕಾರ್ಡು ನಾ ಓದ್ಬೇಕಿತ್ತು. ಆರಕ್ಕ ಮತ್ತ ಹೊಲೀತೀನಿ, ನಾನೇ."

"ಈಕಿ ಬಾಜೂಕ ನಿಂತ್ರ ಹೊಲಿಸ್ಕೊಂತೀನಿ, ಇಲ್ಲಾಂದ್ರ ಬ್ಯಾಡ," ಎಂದಳು ಮುದುಕಮ್ಮ.

ಆರು ಗಂಟೆಗೆ ನಾವು ಥಿಯೇಟರಿನ ಹೊರಗೆ ಕುಳಿತಿದ್ದೆವು. ಒಳಗಿನಿಂದ ಗಂಗೋತ್ರಿಯ ದನಿ ಕೇಳಿಸಿತು. ಅವಳು ಪ್ಯಾಕೆಟ್ಟಿನ ಮೇಲಿನ ಹೆಸರನ್ನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಎರಡು ಸಲ ಓದಿದಳು. ಆಮೇಲಷ್ಟೇ ಅದನ್ನು ಹರಿದ ಸದ್ದು ಬಂತು.